ಮಗು ಯಾರ ಹತ್ರ?

ಫೆಬ್ರವರಿ ಬಂತೆಂದರೆ ಅಮೆರಿಕದ ಟೊಲೀಡೊ ಊರಿನ ಲೈಬ್ರರಿಯಲ್ಲಿ, ಜನರ ತೆರಿಗೆ ಫಾರಂಗಳನ್ನು ಬಿಟ್ಟಿಯಾಗಿ ತುಂಬಿಕೊಡುವ ವರ್ನಾ ಅಜ್ಜಿಯ ಮೇಜಿನಿಂದ ಹೊರಟ ಸಾಲು ಬಾಗಿಲು ದಾಟುತ್ತದೆ. "ನೀನು ಕೆಲಸಕ್ಕೆ ಹೋದಾಗ ಮಗು ಯಾರ ಹತ್ರ?" ಇದೇ ಅವಳ ನಮಸ್ಕಾರ. ಮಗುವನ್ನು ನೋಡಿಕೊಂಡವರಿಗೆ ಕೊಟ್ಟ ದುಡ್ಡಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟೆಂಬುದನ್ನೇ ಮರೆತು ಬರುವ ತಾಯಂದಿರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ. ಅವರ ಕೈಚೀಲವನ್ನೇ ಮೇಜಿನ ಮೇಲೆ ಸುರಿಸಿ, ಚೂಯಿಂಗ್ ಗಮ್ ಅಂಟಿದ ರಸೀದಿಯನ್ನೂ ಉಗುರಿನಿಂದ ಬಿಡಿಸಿ ಓದುತ್ತಾಳೆ. "ಮಕ್ಕಳ ಹಗಲು ಶಿಬಿರ ಲೆಕ್ಕಕ್ಕೆ ಬರುತ್ತೆ, ರಾತ್ರಿ ಅಲ್ಲೇ ಮಲಗೋ ಶಿಬಿರ ಬರಲ್ಲ ಕಣಮ್ಮ. ನಿನ್ನ ಮಗ ಟೆಂಟಲ್ಲಿ ಗೊರಕೆ ಹೊಡೆದಿದ್ದಕ್ಕೆ ಸರ್ಕಾರ ಯಾಕೆ ಕೊಡ್ಬೇಕು?" ನೋಡಿಕೊಂಡವರ ಹೆಸರು, ವಿಳಾಸ, ತೆರಿಗೆ ನಂಬರು ಮೂರೂ ಸಿಗುವವರೆಗೆ ಕೂತಲ್ಲಿಂದಲೇ ಫೋನ್ ಮಾಡಿಸುತ್ತಾಳೆ. ಮೊನ್ನೆ ಬೇಕರಿಯಲ್ಲಿ ದುಡಿಯುವ ಶರೋಂಡಾ, "ಪಕ್ಕದ್ಮನೆಯೋರು ನೋಡ್ಕೊಳ್ತಾರೆ, ದುಡ್ಡು ಮುಟ್ಟಲ್ಲ" ಎಂದಳು. ದುಡ್ಡು ಕೊಡದಿದ್ದರೆ ರಿಯಾಯಿತಿಯೂ ಇಲ್ಲ. ಆದರೂ ವರ್ನಾ ಬೇರೊಂದು ಚೀಟಿ ತೆಗೆದು, "ಅವರ ಪೂರ್ತಿ ಹೆಸರು ಹೇಳು" ಎಂದಳು. "ಅದ್ಯಾಕಜ್ಜಿ?" "ಬರ್ದುಕೊಡ್ತೀನಿ, ಇಟ್ಕೋ. ನನ್ನ ಮಗನ್ನ ಆರು ವರ್ಷ ನೋಡ್ಕೊಂಡೋರನ್ನ ನಾನು ಕೆಳಗಿನ ಮನೆ ಅಕ್ಕ ಅಂತಲೇ ಕರೀತಿದ್ದೆ. ಈಗ ಹುಡುಕೋಣ ಅಂದ್ರೆ ಹೆಸರೇ ಗೊತ್ತಿಲ್ಲ."