ನೋಡೋಣ ಎಂಬ ಉತ್ತರ

ಕಾಯುವುದು ನನಗೆ ಮೊದಲಿಂದಲೂ ಆಗದ ಕೆಲಸ. ಬಸವನಗುಡಿಯ ಒಂದು ಪುಟ್ಟ ಕಂಪ್ಯೂಟರ್ ಆಫೀಸಿಗೆ ಸೇರಿದ ಹೊಸತರಲ್ಲಿ, ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕವೊಂದು ನನ್ನ ನೆಮ್ಮದಿ ಕೆಡಿಸಿತು. ಬೇರೆ ಬೇರೆ ಕಡೆ ಇರುವ ಕಂಪ್ಯೂಟರ್‌ಗಳು ಒಂದೇ ಮಾತಿಗೆ ಬರುವುದು ಹೇಗೆ ಎಂಬ ಪುಸ್ತಕ. ನಡುವಿನ ತಂತಿ ಕಡಿದರೆ, ಒಂದೋ ಕೇಳಿದವರಿಗೆ ತಕ್ಷಣ ಉತ್ತರ ಕೊಟ್ಟು ತಪ್ಪಿಗೆ ಸಿದ್ಧವಾಗಬೇಕು, ಇಲ್ಲವೇ ತಪ್ಪಾಗದ ಹಾಗೆ ಬಾಯಿ ಮುಚ್ಚಿಕೊಂಡಿರಬೇಕು. ಎರಡೂ ಬೇಕು ಅಂದರೆ ಸಿಗುವುದಿಲ್ಲ. ಇನ್ನೂ ಕಾಡಿದ್ದು ಇದು: ಆ ತುದಿ ಸುಮ್ಮನಾದರೆ ಅದು ಸತ್ತಿದೆಯೋ, ತಡಮಾಡುತ್ತಿದೆಯೋ ಈ ತುದಿಗೆ ತಿಳಿಯುವುದೇ ಇಲ್ಲ. ಎಷ್ಟು ಹೊತ್ತು ಕಾಯಬೇಕೆಂದು ನಾವೇ ಗೊತ್ತುಮಾಡಬೇಕು.

ಆಗ ನಮಗೆ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದ ಬುಕಿಂಗ್ ಕೆಲಸ. ಮಂಟಪದಲ್ಲೊಂದು ಕಂಪ್ಯೂಟರ್, ಯಜಮಾನರ ಬಸವನಗುಡಿ ಆಫೀಸಿನಲ್ಲೊಂದು, ನಡುವೆ ಟೆಲಿಫೋನ್ ಲೈನು. ಒಂದೇ ಮುಹೂರ್ತ ಇಬ್ಬರಿಗೆ ಹೋಗಬಾರದಲ್ಲ, ಲೈನು ಹೋದಾಗ 'ಇಲ್ಲ' ಎಂದು ತೋರಿಸುವಂತೆ ಪ್ರೋಗ್ರಾಮ್ ಬರೆದಿದ್ದೆ.

ಯಜಮಾನರು ರೇಗಿದರು. "ಶುಭಕಾರ್ಯಕ್ಕೆ ಬಂದೋರಿಗೆ ಇಲ್ಲ ಅನ್ಬಾರ್ದು ಕಣ್ರೀ. 'ನೋಡೋಣ' ಅಂತ ಬರ್ಲಿ. ಲೈನ್ ಬಂದ್ಮೇಲೆ ದಿನ ಖಾಲಿ ಇದ್ರೆ ಅವ್ರ ಹೆಸ್ರಲ್ಲೇ ಹಿಡಿದಿಡ್ಲಿ."

"ಅವ್ರು ವಾಪಸ್ ಬರ್ದೇ ಹೋದ್ರೆ ಸಾರ್? ಒಂದು ಗಡುವು ಹಾಕೋಣ."

"ಮದುವೆ ಮನೆಯವ್ರಿಗೆ ಗಡುವಾ? ಕಾಯ್ಲಿ ಬಿಡ್ರಿ."

ಹಲ್ಲು ಕಚ್ಚಿಕೊಂಡು ಹಾಗೇ ಬರೆದುಕೊಟ್ಟೆ.

ಅದೇ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಮನೆ ಆ ಮಂಟಪದ ಎದುರಿಗೇ. ಹಾಸಿಗೆ ಹಿಡಿದಿದ್ದ ಅವರ ಅಜ್ಜಿಗೆ ಮೊಮ್ಮಗನ ಧಾರೆ ನೋಡುವ ಆಸೆ. ಕುರ್ಚಿಯಲ್ಲಿ ಕೂರಿಸಿ ರಸ್ತೆ ದಾಟಿಸಬಹುದು, ಅದಕ್ಕಿಂತ ದೂರ ಬೇಡ ಎಂದು ಡಾಕ್ಟರು ಹೇಳಿದ್ದರು. ನಾನು ಮಂಟಪದಲ್ಲಿ ಮಾತಾಡುತ್ತೇನೆ ಅಂದರೆ, ಮೇಷ್ಟರಾಗಿದ್ದ ಅಪ್ಪ ಶಿಫಾರಸು ಬೇಡವೆಂದು ತಾವೇ ಹೋದರು. ಸಂಜೆ ಬಂದವರು, "ಸಿಗ್ಲಿಲ್ಲ. ಮಲ್ಲೇಶ್ವರದಲ್ಲಿ ಮಾತು ಕೊಟ್ಟು ಬಂದೆ" ಅಂದರು. ಬೇರೆ ಯಾರಿಗೋ ಹೋಗಿರಬೇಕು ಅಂದುಕೊಂಡೆ.

ಮದುವೆಯ ದಿನ ಊಟ ಮುಗಿಸಿ, ಅಕ್ಕ ಭಾವ ಬಾಸಿಂಗವನ್ನೂ ಬಿಚ್ಚದೆ ಅಜ್ಜಿಯ ಆಶೀರ್ವಾದಕ್ಕೆ ಹೊರಟರು. ಅಪ್ಪನೂ ನಾನೂ ಜೊತೆಗೆ ಹೋದೆವು. ಅಜ್ಜಿಯ ಮಂಚ ಕಿಟಕಿಯ ಪಕ್ಕದಲ್ಲಿತ್ತು.

"ಬೀಗರೇ, ಎದುರಿಗೆ ಬೆಳಗ್ಗಿಂದ ಬಾಗಿಲೇ ತೆಗ್ದಿಲ್ಲ," ಅಂದರು ಅಜ್ಜಿ. "ಒಂದು ಬಾಳೆಕಂದೂ ಕಟ್ಟಿಲ್ಲ. ಇಲ್ಲೇ ಮಾಡ್ಬಹುದಿತ್ತಲ್ಲ?"

ಅಪ್ಪ ಕಿಟಕಿಗೆ ಬಗ್ಗಿ ನೋಡಿದರು. ನನಗೆ ತಡೆಯಲಾಗಲಿಲ್ಲ. "ಅವತ್ತು ಅಲ್ಲಿ ಏನಂದ್ರು ಅಪ್ಪಾ?"

"ಲೈನಿಲ್ಲ, ನೋಡೋಣ, ಇನ್ನೊಂದ್ಸಲ ಬನ್ನಿ ಅಂದ್ರು. ನೋಡೋಣ ಅಂದ್ರೆ ಇಲ್ಲ ಅಂತ ಗೊತ್ತಾಗಲ್ವಾ?"

ಆ 'ನೋಡೋಣ' ನಾನೇ ಬರೆದದ್ದು. ಲೈನು ಬಂದಮೇಲೆ ಕಂಪ್ಯೂಟರ್ ಇವತ್ತಿನ ಮುಹೂರ್ತವನ್ನು ಅಪ್ಪನ ಹೆಸರಲ್ಲೇ ಹಿಡಿದಿಟ್ಟು, ಆಮೇಲೆ ಕೇಳಿಬಂದವರನ್ನೆಲ್ಲ ವಾಪಸು ಕಳಿಸಿ, ಅಪ್ಪ ಬರಲೆಂದು ಕಾಯುತ್ತಲೇ ಇತ್ತು. ಯಜಮಾನರ ಮೇಲೆ, ಅಪ್ಪನ ಮೇಲೆ, ಆ ಹಾಳು ಪುಸ್ತಕದ ಮೇಲೆ ಸಿಟ್ಟು ಬಂತು. ಯಾರ ಮೇಲೂ ನಿಲ್ಲಲಿಲ್ಲ.

"ಹೋಗ್ಲಿ ಬಿಡಿ," ಎಂದ ಅಜ್ಜಿ ಅಕ್ಕನನ್ನು ಮಂಚದ ಮೇಲೆ ಕೂರಿಸಿಕೊಂಡು ಕೈ ಹಿಡಿದರು. "ಜೀರಿಗೆ ಬೆಲ್ಲ ಯಾರು ಮೊದ್ಲು ಹಾಕಿದ್ದು, ಇವ್ನೋ ನೀನೋ? ಎಲ್ಲಾ ಹೇಳಮ್ಮ ನಂಗೆ."