ಪೂಜೆಗೆ ಮುನ್ನ ತಿರುಗದ ಫ್ಯಾನುಗಳು

ಬೆಳಿಗ್ಗೆ ಸ್ಟೋರ್‌ನ ಶಟರ್ ಎತ್ತಿದ ಕೂಡಲೇ ಶಿವರಂಜಿನಿ ಲೈಟ್ ಹಾಕುವುದಿಲ್ಲ. ಮೊದಲು ಒಳಗೆ ಹೋಗಿ ಟಾರ್ಪಾಲಿನ ಅಂಚು ಎತ್ತಿ ಅದರ ಒಳಮೈಗೆ ಅಂಗೈ ಒತ್ತುತ್ತಾರೆ. ಅಂಗೈ ಒಣಗಿದ್ದರೆ ಮುಂದಿನ ಟಾರ್ಪಾಲಿಗೆ ಹೋಗುತ್ತಾರೆ. ತೇವ ತಗುಲಿದರೆ ಅದನ್ನು ಅರ್ಧಕ್ಕೆ ಮಡಚಿ, ಕೆಳಗಿರುವ ಫ್ಯಾನಿಗೆ ಗಾಳಿಯಾಡಲು ಬಿಡುತ್ತಾರೆ. ಎಂಟು ಫ್ಯಾನುಗಳ ಸುತ್ತು ಮುಗಿದ ಮೇಲೆ ಲೈಟು, ಆಮೇಲೆ ಟೀ.

‘ಈರುಳ್ಳಿಯೂ ಇದೂ ಒಂದೇ. ಬಿಗಿಯಾಗಿ ಮುಚ್ಚಿದ್ರೆ ಬೆವರ್ತವೆ’ ಎನ್ನುತ್ತಾರೆ ಅವರು.

ಈರುಳ್ಳಿಯ ಮಾತು ಸುಮ್ಮನೆ ಬಂದದ್ದಲ್ಲ. ಗುಂಡ್ಲುಪೇಟೆ ಹತ್ತಿರದ ಹಳ್ಳಿಯವರಾದ ಶಿವರಂಜಿನಿ ಬಿ.ಕಾಂ. ಮುಗಿಸಿ, ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಗೋಡೌನಿನಲ್ಲಿ ವರ್ಷಗಟ್ಟಲೆ ಸರಕು ಇಳಿಸಿಕೊಂಡವರು. ತಂದೆ ಮಂಟೇಸ್ವಾಮಿ ಬೇರೆಯವರ ಮನೆಯ ಎತ್ತುಗಳನ್ನು ಸಾಕಿ ಮಗಳನ್ನು ಓದಿಸಿದರು. ಈಗ ಶಿವರಂಜಿನಿ ಚಾಮರಾಜನಗರದಲ್ಲಿ ಮನೆ ಮಾಡಿಕೊಂಡು, ದಿನವೂ ಬದನಗುಪ್ಪೆ ಕೈಗಾರಿಕಾ ಪ್ರದೇಶಕ್ಕೆ ಸ್ಕೂಟರಿನಲ್ಲಿ ಹೋಗುತ್ತಾರೆ. ಅಲ್ಲಿ ಅರಿಸಿನ ಒಣಗಿಸಿ ಪುಡಿ ಮಾಡುವ ಘಟಕವೊಂದು ಏಳುತ್ತಿದೆ. ಅದರ ಸ್ಟೋರ್ ಇವರ ಕೈಯಲ್ಲಿದೆ.

ಘಟಕದ ಮಾಲೀಕರು ಗುಂಡ್ಲುಪೇಟೆ ಕಡೆಯ ನೀಲಕಂಠಸ್ವಾಮಿ. ಅಪ್ಪನ ಕಾಲದಿಂದ ಅರಿಸಿನ ಬೆಳೆದವರು, ವ್ಯಾಪಾರವನ್ನೂ ಮಾಡಿದವರು. ಶಿವರಂಜಿನಿಯವರ ಕೆಲಸವನ್ನು ಮಂಡಿಯಲ್ಲಿ ನೋಡಿದ್ದವರು ಅವರೇ. ಸ್ಟೋರ್ ಕೊಟ್ಟಾಗ ಅವರ ನೆಂಟರಲ್ಲೇ ಕೆಲವರು, ಮೂಟೆ ಎಣಿಸಿದವಳಿಗೆ ಮಿಷನ್ ಏನು ಗೊತ್ತು ಎಂದಿದ್ದರು. ನೀಲಕಂಠಸ್ವಾಮಿ ಒಂದೇ ಷರತ್ತು ಹಾಕಿದರು. ‘ಫ್ಯಾನ್ ಎಂಟೂ ಬಂದಂಗೇ, ಏನೂ ಕೆಡ್ದೆ ಗೋಡೆಗೆ ಹತ್ತಲಿ. ಆಮೇಲೆ ಈ ಸ್ಟೋರ್ ನಿಂದೇ ಕಣಮ್ಮ, ಖಾಯಮ್ಮಾಗಿ.’

ಫ್ಯಾನುಗಳು ಬಂದದ್ದು ಗೌರಿ ಹಬ್ಬ ಕಳೆದ ಮೇಲೆ, ಕೊಯಮತ್ತೂರಿನಿಂದ ದಿಂಬಂ ಘಾಟಿ ಹತ್ತಿ. ಒಂದೊಂದೂ ಆಳೆತ್ತರದ್ದು. ಪುಡಿ ಮಾಡುವ ಹಾಲ್‌ನಲ್ಲಿ ಏಳುವ ದೂಳನ್ನೂ ಬಿಸಿಯನ್ನೂ ಹೊರಗೆಳೆಯುವುದು ಅವುಗಳ ಕೆಲಸ. ಇಳಿಸಲು ಬಂದ ತಂಡ ಗುಂಡ್ಲುಪೇಟೆ ಮಂಡಿಯದ್ದು, ಮೇಸ್ತ್ರಿ ಸೋಮಣ್ಣನವರದ್ದು. ಅವರು ಹಗ್ಗಕ್ಕೆ ಕೈ ಹಾಕುವ ಮೊದಲೇ ಶಿವರಂಜಿನಿ ಲಾರಿ ಹತ್ತಿ, ಒಂದೊಂದು ಮರದ ಪೆಟ್ಟಿಗೆಯ ನಾಲ್ಕೂ ಮಗ್ಗುಲು ನೋಡಿ ಫೋಟೊ ತೆಗೆಯುತ್ತಿದ್ದರು.

‘ಇಳೀರಿ ಅಮ್ಮಣ್ಣಿ ಕೆಳಕ್ಕೆ. ಮೂಟೆ ಇಳಿಸ್ದೋರ್ಗೆ ಇದ್ಯಾವ ಲೆಕ್ಕ?’ ಎಂದರು ಸೋಮಣ್ಣ.

‘ಮೂಟೆ ಬಿದ್ರೆ ಈರುಳ್ಳಿ ಆರಿಸ್ಕೋಬೋದು ಸೋಮಣ್ಣ. ಇದು ಬಿದ್ರೆ ಆರಿಸ್ಕೊಳಕ್ಕೆ ಏನೂ ಇರಲ್ಲ. ಆ ಮೂಟೆ ಕೊಕ್ಕೆ ನಿಮ್ ಸೊಂಟದಲ್ಲೇ ಇರ್ಲಿ.’

‘ಮತ್ತೆ ನಮ್ಮುನ್ಯಾಕ್ ಕರೆಸಿದ್ರಿ? ಪೆಟ್ಟಿಗೆಗೆ ಲಾಲಿ ಹಾಡಕ್ಕಾ?’

ಹೈಡ್ರಾ ಕ್ರೇನು ಬರುವವರೆಗೆ ಯಾರೂ ಏನನ್ನೂ ಎತ್ತಲಿಲ್ಲ. ಎತ್ತುವಾಗಲೂ ಬೆಲ್ಟನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಕಿತ್ತು, ಒಳಗಿನ ಶಾಫ್ಟಿಗೋ ರೆಕ್ಕೆಗಳಿಗೋ ಅಲ್ಲ. ರೆಕ್ಕೆ ಹಿಡಿದು ಎತ್ತಿದ ಫ್ಯಾನು ಜೀವಮಾನವಿಡೀ ನಡುಗುತ್ತದೆ ಎಂದು ಕಂಪನಿಯ ಕಡೆಯವರು ಶಿವರಂಜಿನಿಗೆ ಹೇಳಿದ್ದರು. ಪೆಟ್ಟಿಗೆಗಳು ನೆಲಕ್ಕೆ ತಾಗದಂತೆ ಮರದ ದಿಮ್ಮಿಗಳ ಮೇಲೆ ಕುಳಿತವು. ಮೇಲಿನ ಹಲಗೆ ಬಿಚ್ಚಿ, ಇಲಿ ನುಗ್ಗದಂತೆ ಬಾಯಿಗೆ ಜಾಲರಿ ಕಟ್ಟಿ, ಸಡಿಲವಾಗಿ ಟಾರ್ಪಾಲು ಹೊದಿಸಿದ್ದಾಯಿತು.

ಕಂಪನಿಯವರು ಹೇಳಿದ್ದ ಇನ್ನೊಂದು ಮಾತು ಮುಖ್ಯವಾದದ್ದು. ನಿಂತೇ ಇರುವ ಫ್ಯಾನಿನಲ್ಲಿ ಇಡೀ ಭಾರ ಬೇರಿಂಗಿನ ಒಂದೇ ಜಾಗದಲ್ಲಿ ಕೂರುತ್ತದೆ. ಗ್ರೀಸು ಕೆಳಗಿಳಿಯುತ್ತದೆ, ಗುಂಡುಗಳು ಕೂತಲ್ಲೇ ಗುಳಿ ಮಾಡುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ ಕೈಯಿಂದಲೇ ನಾಲ್ಕಾರು ಸುತ್ತು ತಿರುಗಿಸಿ, ಬೇರೆ ಜಾಗದಲ್ಲಿ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಗ್ಯಾರಂಟಿ ಇಲ್ಲ. ಶಿವರಂಜಿನಿ ಪ್ರತಿ ಫ್ಯಾನಿನ ರೆಕ್ಕೆಗಳು ಕೂಡುವ ನಡುಗುಂಬದ ಮೇಲ್ಭಾಗದಲ್ಲಿ, ತಿರುಗಿದ್ದು ತಿಳಿಯಲೆಂದು ಸೀಮೆಸುಣ್ಣದಿಂದ ಗೆರೆ ಎಳೆದು, ತಿರುಗಿಸುವ ಕೆಲಸವನ್ನು ಹುಚ್ಚಯ್ಯನವರಿಗೆ ಒಪ್ಪಿಸಿದರು. ಹುಚ್ಚಯ್ಯ ಬದನಗುಪ್ಪೆಯವರೇ. ಅಂಗಳದ ಕೆಲಸ, ಹಗಲಿನ ಕಾವಲು ಎರಡೂ ಅವರದ್ದು. ಕೊಟ್ಟ ಕೆಲಸ ಬಿಟ್ಟವರಲ್ಲ.

ಚಾವಣಿಯ ತಗಡು ಬರುವುದು ತಡವಾಯಿತು. ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಕಾರ್ತಿಕದ ಒಂದು ಶುಕ್ರವಾರ ಬೆಳಿಗ್ಗೆ ಶಿವರಂಜಿನಿ ಮೂರನೇ ಟಾರ್ಪಾಲು ಎತ್ತಿದಾಗ ಅದು ಪೂರ್ತಿ ಜಾರಿತು. ಗೆರೆ ಕಂಡಿತು. ಎಳೆದಲ್ಲಿಯೇ ಇತ್ತು, ನೆತ್ತಿಯ ಮೇಲೆ.

ಇನ್ನೊಂದನ್ನು ತೆಗೆದು ನೋಡಿದರು, ಮತ್ತೊಂದನ್ನು. ಎಂಟೂ ಹಾಗೆಯೇ. ದಿಮ್ಮಿಗಳ ಬದಿಯಲ್ಲಿ ಊದುಕಡ್ಡಿಯ ಬೂದಿ, ಒಣಗಿದ ಕಣಗಿಲೆ ಹೂವು. ಹೂವನ್ನು ಅವರು ಹಿಂದೆಯೂ ನೋಡಿದ್ದರು. ಭಕ್ತಿ ಇರಬೇಕು ಎಂದುಕೊಂಡು ಸುಮ್ಮನಾಗಿದ್ದರು.

ಹುಚ್ಚಯ್ಯನವರನ್ನು ಕರೆದರು.

‘ಹುಚ್ಚಯ್ಯಣ್ಣ, ನೀವು ಇವನ್ನ ತಿರುಗ್ಸೇ ಇಲ್ವಾ?’

‘ಇಲ್ಲ ಕಣವ್ವ.’

‘ಪ್ರತಿ ತಿಂಗ್ಳೂ ಆಯ್ತಾ ಅಂತ ಕೇಳ್ದಾಗ ಆಯ್ತು ಅಂದ್ರಲ್ಲ?’

‘ಆಗೋದೆಲ್ಲ ಆಯ್ತಲ್ಲವ್ವ. ದೂಳ್ ಒರಸ್ದೆ, ಇಲಿ ಓಡಿಸ್ದೆ, ಸೋಮ್ವಾರ ಸೋಮ್ವಾರ ಕಡ್ಡಿ ಅಚ್ದೆ. ಪೂಜೆ ಆಗ್ದಿರೋ ಚಕ್ರವ ತಿರುಗ್ಸು ಅಂದ್ರೆ ಎಂಗೆ?’

‘ನನಗೊಂದ್ ಮಾತು ಹೇಳ್ಬಾರ್ದಾಗಿತ್ತಾ?’

‘ಏಳಿದ್ರೆ ನೀವೇ ತಿರುಗ್ಸ್ಬುಡೋರು. ಆ ದೋಸ ನಿಮ್ಗ್ಯಾಕೆ ಅಂತ ಸುಮ್ಕಿದ್ದೆ.’

ಈ ಭಾಗದಲ್ಲಿ ಹುಚ್ಚಯ್ಯ ಒಬ್ಬರೇ ಹೀಗೆ ಯೋಚಿಸುವವರಲ್ಲ. ಹೊಸ ಟ್ರ್ಯಾಕ್ಟರಿರಲಿ, ಬೋರ್‌ವೆಲ್ ಮೋಟಾರಿರಲಿ, ಹೊಲಿಗೆ ಯಂತ್ರವಿರಲಿ, ಇಡುವ ಜಾಗದಲ್ಲಿ ಇಟ್ಟು, ವಿಭೂತಿ ಬಳಿದು, ಕಾಯಿ ಒಡೆದ ಮೇಲೆಯೇ ಮೊದಲ ಸುತ್ತು. ಅದಕ್ಕೆ ಮುಂಚೆ ಚಕ್ರ ತಿರುಗಿಸುವುದು ಖಾಲಿ ತೊಟ್ಟಿಲು ತೂಗಿದಷ್ಟೇ ಅಶುಭ. ಶಿವರಂಜಿನಿಯವರ ಮನೆಯಲ್ಲೂ ಹಾಗೆಯೇ. ಅದು ನೆನಪಾಗದೆ ಕೆಲಸ ಹಂಚಿದ್ದು ತಮ್ಮ ತಪ್ಪು, ಟಾರ್ಪಾಲಿನ ಅಂಚು ನೋಡಿ ಗೆರೆ ನೋಡದಿದ್ದದ್ದು ಇನ್ನೊಂದು ತಪ್ಪು ಎಂದು ಅವರು ಅಲ್ಲಿಯೇ ಲೆಕ್ಕ ಹಾಕಿದರು. ಹುಚ್ಚಯ್ಯನವರಿಗೆ ಹೇಳಿದ್ದು ಒಂದೇ ಮಾತು: ಮರದ ಪೆಟ್ಟಿಗೆ ಪಕ್ಕ ಕಡ್ಡಿ ಹಚ್ಚಬೇಡಿ, ಬೆಂಕಿ ಹತ್ತೀತು.

ಆಗಲೇ ಎಂಟನ್ನೂ ತಾವೇ ತಿರುಗಿಸಿ ಸುಮ್ಮನಾಗಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಬದಲಿಗೆ ಅವರು ಮಾಲೀಕರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದರು. ನೀಲಕಂಠಸ್ವಾಮಿ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಹುಚ್ಚಯ್ಯ ನನ್ನ ಕೇಳ್ದ ಕಣಮ್ಮ. ಪೂಜೆ ಆಗೋ ಗಂಟ ಮುಟ್ಬೇಡ ಅಂದೋನು ನಾನೇ.’

‘ನನಗೊಂದ್ ಮಾತು ಹೇಳಿದ್ರೆ ಆಗ್ತಿತ್ತು ಸಾರ್.’

‘ಇಷ್ಟೆಲ್ಲ ಅದೆ ಅಂತ ಯಾರಿಗ್ ಗೊತ್ತು? ಗೋಡೆಗೆ ಕೂರಿಸಿ, ಗುರುಗಳನ್ನ ಕರೆಸಿ ಪೂಜೆ ಮಾಡ್ಸಿ, ಆಮೇಲೆ ತಿರುಗ್ಲಿ ಅಂದ್ಕೊಂಡಿದ್ದೆ.’

‘ಗೋಡೆಗೆ ಕೂರೋಕೆ ಇನ್ನೂ ತಿಂಗ್ಳಾಗುತ್ತೆ ಸಾರ್. ಅಷ್ಟು ದಿನ ಕಾಯೋದಿಲ್ಲ ಬೇರಿಂಗು.’

‘ಪೂಜೆ ಆಗ್ದೆ ನಾನಂತೂ ತಿರುಗ್ಸು ಅನ್ನಲ್ಲ.’

ಶಿವರಂಜಿನಿ ಕೇಳಿದರು: ‘ಸಾರ್, ತೆರಕಣಾಂಬಿ ಸಂತೆಯಿಂದ ಎತ್ತು ತಂದ್ರೆ ನಿಮ್ಮನೇಲಿ ಪೂಜೆ ಎಲ್ಲಿ ಮಾಡ್ತಿದ್ರಿ?’

‘ಬಾಗ್ಲಲ್ಲೇ. ಕಾಲು ತೊಳ್ದು, ಆರತಿ ಎತ್ತಿ ಒಳಕ್ಕೆ ಕರ್ಕೊಳ್ಳೋದು.’

‘ನೊಗ ಕಟ್ಟೋ ಗಂಟ ಕಾಯ್ತಿದ್ರಾ? ಬಂದ ಮಾರನೆ ದಿನದಿಂದ ಓಡಾಡ್ಸ್ತಿರ್ಲಿಲ್ವಾ? ಕಟ್ಟಾಕೇ ಇಟ್ರೆ ಕಾಲು ಹಿಡ್ಕೊಳುತ್ತೆ ಅಂತ ನಮ್ಮಪ್ಪ ದಿನಾ ಅಡ್ಡಾಡ್ಸೋರು.’

‘ಎತ್ತಿಂದು ಬೇರೆ ಕಣಮ್ಮ.’

‘ಎಂಗ್ ಬೇರೆ ಸಾರ್?’

ನೀಲಕಂಠಸ್ವಾಮಿ ಕನ್ನಡಕ ಎತ್ತಿ ಹಾಕಿಕೊಂಡರು. ‘ನಮ್ಮವ್ವ ಬದುಕಿದ್ರೆ ನಿನ್ ಕಡೆನೇ ಸೇರ್ಕೊಳ್ಳೋಳು. ಸೋಮ್ವಾರ ಬೆಳಿಗ್ಗೆ ಸ್ಟೋರಲ್ಲೇ ಮಾಡ್ಬುಡನ.’

ಸೋಮವಾರ ಪೂಜೆ ನಡೆಯಿತು. ಗುರುಗಳು ಬರಲಿಲ್ಲ, ನೀಲಕಂಠಸ್ವಾಮಿಯವರೇ ಪಂಚೆ ಉಟ್ಟು ಬಂದು ಎಂಟಕ್ಕೂ ವಿಭೂತಿ ಇಟ್ಟು, ಬಿಲ್ವಪತ್ರೆ ಏರಿಸಿ, ಶಟರಿನ ಹೊರಗೆ ಕಾಯಿ ಒಡೆದರು. ತಗಡು ಹೊದಿಸುವವರೂ ಇಳಿದು ಬಂದು ಪ್ರಸಾದ ತಿಂದರು. ‘ಗಾಳಿ ಬೀಸೋಕ್ ಮುಂಚೆನೇ ಕಾಯಿ ಬಂತು, ಒಳ್ಳೆ ಫ್ಯಾನು’ ಎಂದು ಅವರಲ್ಲೊಬ್ಬ ನಕ್ಕ. ಮಂಗಳಾರತಿಯಾದ ಮೇಲೆ ಮೊದಲ ಫ್ಯಾನಿನ ರೆಕ್ಕೆಗೆ ಕೈ ಹಾಕಿದವರು ಹುಚ್ಚಯ್ಯ. ಮೆಲ್ಲಗೆ ತಳ್ಳಿದರು. ಅದು ಸದ್ದಿಲ್ಲದೆ ಸುತ್ತಿತು.

‘ಬೆಣ್ಣೆ ಅಂಗೆ ಓಯ್ತಾ ಅದೆ ಕಣವ್ವ’ ಎಂದರು.

ಎರಡನೆಯದು, ಮೂರನೆಯದು, ಏಳರವರೆಗೂ ಹಾಗೆಯೇ. ಒಂದೊಂದಕ್ಕೂ ಶಿವರಂಜಿನಿ ಕಿವಿ ಕೊಟ್ಟು, ಬೇರಿಂಗಿನ ಮೇಲೆ ಅಂಗೈ ಇಟ್ಟು ನೋಡಿದರು. ಎಂಟನೆಯದು ಕಾಲು ಸುತ್ತು ಹೋಗಿ ತಡೆಯಿತು. ಮತ್ತೆ ತಳ್ಳಿದಾಗ ಒಳಗೆ ಮರಳು ಅರೆದಂತೆ ಸದ್ದು ಬಂತು.

ಆ ಫ್ಯಾನು ಸ್ಟೋರ್‌ನ ಹಿಂಗೋಡೆಗೆ ಹತ್ತಿರವಿತ್ತು. ದಸರಾ ಸಮಯದಲ್ಲಿ ಗೋಡೆಯ ಆಚೆ ಬದಿಗೆ ಗುತ್ತಿಗೆದಾರರ ಜನರೇಟರ್ ಬಂದಿತ್ತು. ಅದು ಓಡುವಾಗಲೆಲ್ಲ ದಿಮ್ಮಿಗಳು ಸಣ್ಣಗೆ ಅದುರುತ್ತವೆ. ನಿಂತ ಬೇರಿಂಗಿಗೆ ಆ ಅದುರು ತಿರುಗದಿರುವುದಕ್ಕಿಂತ ಕೆಟ್ಟದ್ದು. ಶಿವರಂಜಿನಿ ಅಂದೇ ಎಂಟನೇ ಫ್ಯಾನನ್ನು ಎದುರು ಗೋಡೆಗೆ ಸರಿಸಿದರು, ಗುತ್ತಿಗೆದಾರರಿಗೆ ಹೇಳಿ ಜನರೇಟರನ್ನೂ ದೂರ ಇಡಿಸಿದರು.

‘ಗ್ರೀಸ್ ತುಂಬ್ಸಿ ಹತ್ತಿಸ್ಬುಡನ. ಓಡ್ತಾ ಓಡ್ತಾ ಸರಿಹೋಯ್ತದೆ’ ಎಂದರು ನೀಲಕಂಠಸ್ವಾಮಿ. ಅವರ ದನಿಯಲ್ಲಿ ಅಷ್ಟು ನಂಬಿಕೆ ಇರಲಿಲ್ಲ. ಪುಷ್ಯ ಕಳೆಯುವ ಹೊತ್ತಿಗೆ ಹೊಸ ಅರಿಸಿನ ಬರಲು ಶುರುವಾಗುತ್ತದೆ. ಅಷ್ಟರಲ್ಲಿ ಘಟಕ ಓಡಬೇಕು.

‘ಓಡ್ತಾ ಓಡ್ತಾ ಮೇಲಿಂದ ಕಳಚ್ಕೊಂಡ್ರೆ ಕೆಳಗೆ ಜನ ಇರ್ತಾರೆ ಸಾರ್. ನಾನು ಕಂಪನಿಗೆ ಹೇಳ್ಬುಡ್ತೀನಿ.’

‘ಹೇಳಿದ್ರೆ ನಿನ್ ಹೆಸರೇ ಮುಂದೆ ಬತ್ತದೆ. ಎಂಟೂ ಬಂದಂಗೇ ಹತ್ತಲಿ ಅಂದಿದ್ದೆ ನಾನು. ನೆನಪದೆಯಲ್ಲ?’

‘ನೆನಪದೆ ಸಾರ್.’

ಕೊಯಮತ್ತೂರಿನ ಕಂಪನಿಯಲ್ಲಿ ಇವರೊಂದಿಗೆ ಮಾತಾಡುವ ಎಂಜಿನಿಯರ್ ಶಾಂತಿ, ಸತ್ಯಮಂಗಲದವರು. ಕನ್ನಡ ಮಾತಾಡುವ ತಾಳವಾಡಿ ಕಡೆಯ ನೆಂಟರಿಂದ ಕನ್ನಡ ಬರುತ್ತದೆ. ಫೋನಿನಲ್ಲಿ ಅವರ ಮೊದಲ ಪ್ರಶ್ನೆ ಅದೇ.

‘ಮಾಸಾಮಾಸಂ, ತಿಂಗಳು ತಿಂಗಳು ತಿರುಗಿಸಿದಿರಾ ಮ್ಯಾಡಂ?’

‘ಇಲ್ಲ. ಬಂದಾಗಿಂದ ತಿರುಗ್ಸಿರ್ಲಿಲ್ಲ. ಇವತ್ತೇ ಮೊದಲು. ಏಳು ಚೆನ್ನಾಗವೆ, ಒಂದು ಅರೀತದೆ. ಅದರ ಹತ್ರ ಜನರೇಟರ್ ಇತ್ತು.’

‘ಎಲ್ಲರೂ ತಿರುಗಿಸಿದೆವು ಅಂತಲೇ ಹೇಳ್ತಾರೆ ಮಾ. ನಾವು ಹೋಗಿ ಬಿಚ್ಚಿದ ಮೇಲೆ ಗೊತ್ತಾಗುತ್ತೆ’ ಎಂದರು ಶಾಂತಿ. ನಂತರ ಕೆಲಸದ ಮಾತು. ಎಂಟನೆಯದರ ಬೇರಿಂಗಿಗೆ ಗ್ಯಾರಂಟಿ ಸಿಗುವುದಿಲ್ಲ. ಉಳಿದ ಏಳನ್ನು ತಮ್ಮ ಮೀಟರ್ ಇಟ್ಟು ಪರೀಕ್ಷಿಸುತ್ತಾರೆ, ಅದುರು ಮಿತಿಯೊಳಗಿದ್ದರೆ ಅವುಗಳ ಗ್ಯಾರಂಟಿ ಹಾಗೆಯೇ ಉಳಿಯುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ತಿರುಗಿಸಬೇಕು.

ಶಿವರಂಜಿನಿ ಇದನ್ನು ಮಾಲೀಕರಿಗೆ ಹೇಳಿದರು.

‘ಎಂಟ್ರಲ್ಲಿ ಏಳು’ ಎಂದರು ನೀಲಕಂಠಸ್ವಾಮಿ. ‘ಎಂಟನೇದಕ್ಕೆ ಅಡ್ಡ ಬಂದೋನು ನಾನು. ಅದನ್ನ ನಿನ್ ತಲೆ ಮೇಲೆ ಹಾಕೋದು ನ್ಯಾಯ ಅಲ್ಲ. ಬೇರಿಂಗ್ ತರ್ಸು. ಸ್ಟೋರ್ ನಿಂದೇ, ನೀನೇ ನೋಡ್ಕೊ.’

ಈಗ ಪ್ರತಿ ಸೋಮವಾರ ಹುಚ್ಚಯ್ಯ ಏಳು ಫ್ಯಾನುಗಳನ್ನು ತಿರುಗಿಸುತ್ತಾರೆ. ಗೆರೆ ಎಲ್ಲಿ ನಿಂತಿದೆ ಎಂದು ಶಿವರಂಜಿನಿಯನ್ನು ಕರೆದು ತೋರಿಸುತ್ತಾರೆ. ಎಂಟನೆಯದನ್ನು ಯಾರೂ ಮುಟ್ಟುವುದಿಲ್ಲ. ಘಟಕಕ್ಕೆ ಇನ್ನು ಬರಬೇಕಿರುವುದು ಅರಿಸಿನ ಪುಡಿ ಮಾಡುವ ಯಂತ್ರ. ಅದಕ್ಕೆ ಗೇಟಿನಲ್ಲೇ, ಲಾರಿಯಿಂದ ಇಳಿಸಿದ ಕೂಡಲೇ ಪೂಜೆ ಎಂದು ತೀರ್ಮಾನವಾಗಿದೆ.

ಬರುವ ಬುಧವಾರ ಕೊಯಮತ್ತೂರಿನಿಂದ ಶಾಂತಿ ಮತ್ತು ಒಬ್ಬ ಫಿಟ್ಟರ್ ಬರುತ್ತಾರೆ. ಎಂಟನೇ ಫ್ಯಾನಿನ ಬೇರಿಂಗನ್ನು ಸ್ಟೋರ್‌ನಲ್ಲೇ ಬಿಚ್ಚಿ ಹೊಸದು ಹಾಕುತ್ತಾರೆ. ಅದರ ಖರ್ಚು ಘಟಕದ್ದು.