ಮಾದಪ್ಪನಿಗೆ ಬಿಡದ ಗಡ್ಡ

ನನ್ನ ಗಡ್ಡ ಕಂಡವರೆಲ್ಲ ಕೇಳುವುದು ಒಂದೇ ಮಾತು: “ಮಾದಪ್ಪನಿಗೆ ಬುಟ್ಟಿದ್ದೀರಾ ಮೇಷ್ಟ್ರೇ?” ನಮ್ಮ ಕಡೆ ಗಂಡಸು ಗಡ್ಡ ಬಿಟ್ಟನೆಂದರೆ ಅದು ಮಲೆ ಮಾದಪ್ಪನ ಹರಕೆಯೇ. ಬೇರೆ ಕಾರಣ ಯಾರಿಗೂ ಹೊಳೆಯುವುದಿಲ್ಲ. ನಾನು ಹೂಂಗುಟ್ಟಿ ಮುಂದೆ ಹೋಗುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನನ್ನ ಲಿವರಿನ ಕಥೆ ಹೇಳಲು ನನಗೇನು ಹುಚ್ಚೇ?

ಶುರುವಾದದ್ದು ರಕ್ತದಾನದಿಂದ. ಗುಂಡ್ಲುಪೇಟೆಯಲ್ಲಿ ನಾನು ಪಾಠ ಮಾಡುವ ಶಾಲೆಯಲ್ಲಿ ಶಿಬಿರ ನಡೆದಾಗ ಎಲ್ಲರಿಗಿಂತ ಮೊದಲು ತೋಳು ಚಾಚಿ ಮಲಗಿದವನು ನಾನೇ. ಕೆಲವು ದಿನಗಳ ಮೇಲೆ ಫೋನ್ ಬಂತು. ನನ್ನ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಇತ್ತು. ಮೈಕೈ ನೋವಿಲ್ಲ, ಕಣ್ಣು ಹಳದಿಯಿಲ್ಲ, ಎಲ್ಲಿಂದ ಬಂತೋ ತಿಳಿಯದು. ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸದ ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಕೂರಿಸಿಕೊಂಡು ಹೇಳಿದಳು: ಜೊತೆಯಲ್ಲಿ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲ, ರಕ್ತದಿಂದ ರಕ್ತಕ್ಕೆ ಹೋಗುತ್ತದೆ, ಸೂಜಿ, ಬ್ಲೇಡು ಹುಷಾರು. ಮೂರು ತಿಂಗಳು ಮಾತ್ರೆ. ಅದು ಮುಗಿದು ಇನ್ನೂ ಮೂರು ತಿಂಗಳಾದ ಮೇಲೆ ಕೊನೆಯ ಪರೀಕ್ಷೆ. ಅದರಲ್ಲಿ ವೈರಸ್ ಕಾಣದಿದ್ದರೆ ಗುಣವಾಯಿತೆಂದೇ ಅರ್ಥ.

ಬ್ಲೇಡು ಎಂದ ಕೂಡಲೇ ನನಗೆ ನೆನಪಾದದ್ದು ಗೆಳೆಯ. ನಮ್ಮೂರು ಭೀಮನಬೀಡಿನಲ್ಲಿ ಅವನದೊಂದು ಸಣ್ಣ ಕಟಿಂಗ್ ಶಾಪು. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಜನರ ಮುಂದೆ ‘ಮೇಷ್ಟ್ರೇ’ ಎನ್ನುತ್ತಾನೆ, ಇಬ್ಬರೇ ಇದ್ದಾಗ ‘ಲಾ’. ಮದುವೆಯಾಗದೆ ಐವತ್ತು ದಾಟಿದ ನನ್ನ ಮುಖವನ್ನು ಇನ್ನೊಬ್ಬರ ಕೈ ಮುಟ್ಟುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ಅವನ ಕುರ್ಚಿಯಲ್ಲಿ ಮಾತ್ರ. ಗದ್ದ ಹಿಡಿದೆತ್ತಿ ನೊರೆ ಹಚ್ಚುವಾಗ ನನಗೆ ನಿದ್ದೆಯೇ ಬಂದುಬಿಡುತ್ತಿತ್ತು. ವಾರವೆಲ್ಲ ನಾನು ಕಾಯುತ್ತಿದ್ದದ್ದು ಅದಕ್ಕೇ.

ಅವನಿಗೆ ಮುಚ್ಚಿಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, ಇನ್ನು ಮೇಲೆ ಶೇವಿಂಗ್ ಬೇಡ ಎಂದೆ.

“ಒಸಾ ಬ್ಲೇಡ್ ಆಕ್ತೀನಿ ಕೂತ್ಕೊಳ್ಳಲಾ,” ಎಂದ.

“ನಿನ್ನ ಬೆರಳು ನೋಡ್ಕೊ,” ಎಂದೆ. ಬ್ಲೇಡು ತಾಗಿ ತಾಗಿ ಅವನ ಬೆರಳ ತುಂಬ ಗೀರುಗಳು. “ಮೊದಲು ನಿಂದೂ ಪರೀಕ್ಷೆ ಆಗ್ಲಿ.”

ಅವನ ಮುಖ ಸಣ್ಣದಾಯಿತು. “ಸರಿ ಬುಡು. ನಿಂಗೆ ವಾಸಿಯಾದ್ಮೇಕೆ ನಾನೇ ತೆಗೀತೀನಿ. ಅಲ್ಲೀಗಂಟ ಇನ್ಯಾರೂ ಮುಟ್ಟಂಗಿಲ್ಲ, ನೀನೂ ಮುಟ್ಟಂಗಿಲ್ಲ ಕಣ್ಲಾ.”

ಹಟಕ್ಕೆ ನಾನೇನು ಕಡಿಮೆಯೇ? ಒಪ್ಪಿಕೊಂಡೆ.

ಮಾತ್ರೆ ಒಂದೂ ತಪ್ಪಿಸಲಿಲ್ಲ. ಕೊನೆಯ ಪರೀಕ್ಷೆ ಯುಗಾದಿಯ ಆಸುಪಾಸಿಗೆ ಬೀಳುತ್ತಿತ್ತು. ಹಬ್ಬ ಕಳೆದ ಮೇಲೆ ನಿಮ್ಮೂರಿಗೇ ಬಂದು ಎಲ್ಲರ ರಕ್ತವನ್ನೂ ನೋಡುತ್ತೇವೆ ಎಂದು ಆ ಹೆಣ್ಣುಮಗಳು ಹೇಳಿದ್ದಳು. ಗೆಳೆಯನೂ ಆ ದಿನ ಅಂಗಡಿ ಮುಚ್ಚಿ ಬರುತ್ತೇನೆ ಎಂದಿದ್ದ. ಬಂದದ್ದು ಲಾಕ್‌ಡೌನ್.

ಆಸ್ಪತ್ರೆಗೆ ಫೋನ್ ಮಾಡಿದೆ. ನಿಮ್ಮ ವೈರಸ್ ನೋಡುವ ಮೆಷಿನ್ನನ್ನು ಈಗ ಕೊರೊನಾ ಪರೀಕ್ಷೆಗೆ ಹಾಕಿದ್ದಾರೆ ಸಾರ್, ಬಿಡುವಾದಾಗ ನಾವೇ ಕರೆಯುತ್ತೇವೆ ಎಂದರು. ಆ ಹೆಣ್ಣುಮಗಳನ್ನೂ ಕೊರೊನಾದ ಗಂಟಲು ದ್ರವ ತೆಗೆಯುವ ಕೆಲಸಕ್ಕೆ ಕಳಿಸಿದ್ದರಂತೆ. ಯಾರನ್ನು ಬೈಯುವುದು? ಜನ ಉಸಿರಿಗೆ ಒದ್ದಾಡುತ್ತಿರುವಾಗ ನನ್ನ ಸದ್ದಿಲ್ಲದ ಕಾಯಿಲೆಯನ್ನು ಯಾವ ಬಾಯಲ್ಲಿ ಹೇಳಿಕೊಳ್ಳುವುದು?

ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಮೊದಲ ತಿಂಗಳುಗಳಲ್ಲಿ ನನಗೆ ಒಳಗೊಳಗೇ ಖುಷಿಯಾಗಿತ್ತು. ಕಟಿಂಗ್ ಶಾಪುಗಳೆಲ್ಲ ಬಂದ್, ಊರಿನ ಗಂಡಸರಿಗೆಲ್ಲ ಗಡ್ಡ. ಡೇರಿಗೆ ಹಾಲು ಹಾಕಲು ನಿಂತ ಸಾಲಿನಲ್ಲಿ ನಾನೂ ಎಲ್ಲರಂತೆ ಒಬ್ಬ. ಆಮೇಲೆ ಶಾಪುಗಳು ತೆರೆದವು. ಒಂದೇ ವಾರದಲ್ಲಿ ಊರೆಲ್ಲ ನುಣ್ಣಗಾಯಿತು, ಉಳಿದವನು ನಾನೊಬ್ಬ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಅಷ್ಟು ಒಂಟಿಯೆನಿಸಿದ್ದು ಅವ್ವ ಹೋದ ಮೇಲೆ ಅವತ್ತೇ.

ಭಾನುವಾರ ಅಭ್ಯಾಸಬಲದಿಂದ ಹೋಗಿ ಶಾಪಿನ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಳಗೆ ಯಾರದೋ ಗದ್ದ ಹಿಡಿದ ಗೆಳೆಯ ಕನ್ನಡಿಯಲ್ಲೇ ನನ್ನನ್ನು ನೋಡಿ, “ಬಂತಾ?” ಎನ್ನುತ್ತಿದ್ದ. ಆಸ್ಪತ್ರೆಯ ಫೋನ್ ಬಂತಾ ಎಂದು. “ಇಲ್ಲ” ಎನ್ನುತ್ತಿದ್ದೆ. ಎರಡನೆಯ ಅಲೆ ಬಂತು, ಹೋಯಿತು. ಗಡ್ಡ ಎದೆಗಿಳಿಯಿತು. ಗುಣವಾಗಿದ್ದೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಕೊನೆಗೂ ಫೋನ್ ಬಂದಾಗ ಅವನನ್ನೂ ಎಳೆದುಕೊಂಡೇ ಹೋದೆ. ಬಸ್ಸು ತೆರಕಣಾಂಬಿ ದಾಟುವವರೆಗೂ ಅವನದು ಒಂದೇ ಗೊಣಗಾಟ: “ನಂಗೇನಾಗದೆ ಅಂತ ಎಳ್ಕೊಂಡೋಯ್ತಿದ್ದೀಯಲಾ?”

ನನ್ನ ರಕ್ತದಲ್ಲಿ ವೈರಸ್ ಇರಲಿಲ್ಲ. ಅವನ ರಕ್ತದಲ್ಲಿತ್ತು.

ಲಿವರು ಆಗಲೇ ಗಟ್ಟಿಯಾಗಲು ಶುರುವಾಗಿದೆ, ಸ್ವಲ್ಪ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದರು ಡಾಕ್ಟರು. ಮೊದಲೆಂದರೆ ಯಾವಾಗ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಯುಗಾದಿಗೆ. ನನ್ನಿಂದ ಅವನಿಗೆ ಹೋಯಿತೋ, ಅವನಿಂದ ನನಗೆ ಬಂತೋ, ಇಬ್ಬರಿಗೂ ಬೇರೆ ಕಡೆಯಿಂದಲೇ ಬಂತೋ, ಯಾವ ಮೆಷಿನ್ನೂ ಹೇಳುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದ.

ಅವನಿಗೂ ನನ್ನದೇ ಲೆಕ್ಕ: ಮೂರು ತಿಂಗಳು ಮಾತ್ರೆ, ಮತ್ತೆ ಮೂರು ತಿಂಗಳಾದ ಮೇಲೆ ಪರೀಕ್ಷೆ. ಹೊಸ ಬ್ಲೇಡು, ಕೈಗವಸು ಇದ್ದರೆ ಕೆಲಸ ಮಾಡಬಹುದು ಎಂದು ಆಸ್ಪತ್ರೆಯವರು ಹೇಳಿಯೇ ಕಳಿಸಿದ್ದರು. ಅವನು ಕೇಳಲಿಲ್ಲ. ಕತ್ತರಿ ಕೆಲಸ ಮಾತ್ರ ಉಳಿಸಿಕೊಂಡ. ಶೇವಿಂಗಿಗೆ ಬಂದವರಿಗೆ ಕಣ್ಣು ಮಂಜು ಎಂದ. ಭಾನುವಾರದ ನೂಕುನುಗ್ಗಲು ಹೋಯಿತು. ನಾನು ಹೋಗಿ ಕುರ್ಚಿಯಲ್ಲಿ ಕೂತೆ.

“ವಾಸಿಯಾಯ್ತಲ್ಲ, ಟೌನಿಗೋಗಿ ತೆಗುಸ್ಕೊ,” ಎಂದ ಬೆನ್ನು ತಿರುಗಿಸಿಯೇ.

“ಇನ್ಯಾರೂ ಮುಟ್ಟಂಗಿಲ್ಲ ಅಂದಿದ್ದು ಯಾರು? ನಿಂದು ವಾಸಿಯಾಗ್ಲಿ, ಕಾಯ್ತೀನಿ.”

ಅವನು ಈ ಕಡೆ ತಿರುಗಿದ. ಆಮೇಲೆ ಬಾಚಣಿಗೆ ತೆಗೆದುಕೊಂಡು ಬಂದು ನನ್ನ ಗದ್ದ ಹಿಡಿದೆತ್ತಿದ. ಆ ಕೈ ತಾಗಿದ್ದೇ ನನ್ನ ಕಣ್ಣು ತುಂಬಿಬಂತು. “ಬೆಳ್ಳಗಾಗೋಯ್ತಲ್ಲಲಾ,” ಎನ್ನುತ್ತ ನಿಧಾನವಾಗಿ ಬಾಚತೊಡಗಿದ.

ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬಾಗಿಲಲ್ಲಿ ನಿಂತು, “ಇನ್ನೂ ಹರಕೆ ತೀರ್ಲಿಲ್ವಾ ಮೇಷ್ಟ್ರೇ?” ಎಂದರು.

“ಇಲ್ಲ ಕಣಣ್ಣ,” ಎಂದ ಗೆಳೆಯ, ಬಾಚುವುದನ್ನು ನಿಲ್ಲಿಸದೆ. “ಇನ್ನೂ ಆರು ತಿಂಗಳದೆ.”